ನೆತ್ತಿಗೆ ನಾಲ್ಕು ಬೆರಳು

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಬೆಳಗ್ಗೆ ಆರಕ್ಕೆ ಎಡಗೈಯಲ್ಲಿ ಕಂಬಿ ಹಿಡಿದು ಮುಂದಕ್ಕೆ ಬಾಗುತ್ತೇನೆ. ಬಲಗೈಯನ್ನು ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ತೂಗಲು ಬಿಡುತ್ತೇನೆ. ಕೈ ತಾನಾಗಿ ಆಡಬಾರದು, ಮೈ ಅಲುಗಿದಷ್ಟೇ ಆಡಬೇಕು. ಸದ್ಯಕ್ಕೆ ಇದೇ ನನ್ನ ಚಾರಣ.

ನನಗೀಗ 66. ಮೊದಲೆಲ್ಲ ಭಾನುವಾರ ಬಂತೆಂದರೆ ಸಾವನದುರ್ಗದ ಬಂಡೆ, ಇಲ್ಲವೇ ಆನೇಕಲ್ ಆಚೆಯ ಮುತ್ಯಾಲಮಡುವು. ಒಂದು ದಿನ ಜಾರಿ ಬಿದ್ದು ಬಲ ಭುಜದ ಸ್ನಾಯುರಜ್ಜು ಹರಿಯಿತು. ತೋಳಿನ ಮೂಳೆಯ ಗುಂಡು ತಲೆ ಕೂರುವ ಗೂಡಿಗೆ ಹೆಚ್ಚು ಆಳವಿಲ್ಲ. ಸುತ್ತಲಿನ ನಾಲ್ಕು ಸ್ನಾಯುಗಳು ಅದನ್ನು ಅಲ್ಲಿ ಹಿಡಿದಿಡುತ್ತವೆ. ಅವುಗಳ ಹರಿದ ರಜ್ಜುವನ್ನು ವೈದ್ಯರು ಮೂಳೆಗೆ ಸೇರಿಸಿ ಹೊಲಿದರು. ಅದು ಬೆಸೆದುಕೊಳ್ಳಲು ಸುಮಾರು 12 ವಾರ, ಪೂರ್ತಿ ಗಟ್ಟಿಯಾಗಲು ಇನ್ನೂ ಹಲವು ತಿಂಗಳು.

ನೋವಿದ್ದಾಗ ಮನುಷ್ಯ ಹುಷಾರಾಗಿರುತ್ತಾನೆ. ನೋವು ಇಳಿದ ಮೇಲೇ ಅಪಾಯ. ಆರನೇ ವಾರ ಕೈಯನ್ನು ಕೊರಳಿಗೆ ತೂಗುಹಾಕಿದ್ದ ಆರ್ಮ್ ಪೌಚ್ ಕಳಚಿದಾಗ ಕೈ ಎಷ್ಟು ಹಗುರವಾಗಿತ್ತೆಂದರೆ, 20 ಲೀಟರಿನ ನೀರಿನ ಕ್ಯಾನ್ ಎತ್ತಲು ಹೋದೆ. ಹೆಂಡತಿ ಓಡಿ ಬಂದು ತಡೆದಳು: "ಬೇಡ ಕಣ್ರೀ, ಒಳಗಿನ್ನೂ ಹಸಿ ಇದೆ." ಅವಳ ಮಾತು ನಿಜ. ಬೆಟ್ಟ ಹತ್ತಿ ರೂಢಿಯಾದ ಮೈಗೆ ಸುಮ್ಮನಿರುವುದೇ ಕಡಿದಾದ ಏರು.

ಕಾಲುಗಳಿಗೇನೂ ಆಗಿಲ್ಲವಲ್ಲ! ಕಂಪನಿ ಬಸ್ಸುಗಳ ಸಾಲು ಶುರುವಾಗುವ ಮೊದಲೇ ಮರಗಳ ಕೆಳಗೆ ನಡೆದು ಬರುತ್ತೇನೆ. ಕೈಯ ಏರು ಮಾತ್ರ ನಿಧಾನ. ನಿನ್ನೆ ಬಲಗೈಯಲ್ಲೇ ತಲೆ ಬಾಚಲು ನೋಡಿದೆ. ಬಾಚಣಿಗೆ ಕಿವಿ ದಾಟಿತು. ನೆತ್ತಿಗೆ ಇನ್ನು ನಾಲ್ಕು ಬೆರಳು ಬಾಕಿ.