ರಸೀದಿಯಲ್ಲಿರುವ ಆ ಒಂದು ಸಾಲು

ಇವತ್ತು ರಾತ್ರಿ ಒಂದು ಸಣ್ಣ ಕೆಲಸ ಮಾಡಿ. ಕಪಾಟಿನಲ್ಲಿರುವ ಮನೆ ತೆರಿಗೆ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ತೆರಿಗೆಯ ಮೇಲೆ ಶೇ. 6. ಇದಕ್ಕೆ ಆಧಾರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಅಂದ್ರೆ ಲೈಬ್ರರಿ ಯಾರೂ ಕೊಟ್ಟ ದಾನ ಅಲ್ಲ ಸ್ವಾಮಿ, ನೀವೇ ದುಡ್ಡು ಕೊಟ್ಟು ಕೊಂಡಿರೋದು.

ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿರುವ ಆದಿ ಉಡುಪಿಯನ್ನೇ ತಗೊಳ್ಳಿ. ಇಲ್ಲಿನ ಬಾಡಿಗೆ ಕೋಣೆಯಲ್ಲಿ ಕೂತು ಕೆಪಿಎಸ್‌ಸಿಗೆ ಓದುವ ಹುಡುಗಿಗೆ ಬೇಕಿರೋದು ಒಂದು ಮೇಜು, ಒಂದು ಫ್ಯಾನು, ನಾಲ್ಕು ಪತ್ರಿಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲಿ. ಹೊರಗೆ ಧೋ ಅಂತ ಮಳೆ. ಆ 61 ದಿನ ಮೀನುಗಾರ ಎಲ್ಲಿ ಕೂರಬೇಕು? ಹೋಟೆಲಲ್ಲಿ ಕೂರೋಕೆ ಚಹಾ ಕುಡೀಬೇಕು. ಏನೂ ಕೊಳ್ಳದೆ, ಯಾರ ಅಪ್ಪಣೆಯೂ ಇಲ್ಲದೆ ಕೂರಬಹುದಾದ ಜಾಗ ಊರಲ್ಲಿ ಎಷ್ಟಿದೆ ಹೇಳಿ? ದೇವಸ್ಥಾನ ಬಿಟ್ಟರೆ ಲೈಬ್ರರಿ.

ಪುಸ್ತಕ ಯಾರು ಓದ್ತಾರೆ ಈಗ ಅಂತ ಕೇಳುವವರಿಗೆ ಮೈಸೂರಿನ ಸೈಯದ್ ಇಸಾಕ್ ಅವರನ್ನು ನೆನಪಿಸ್ತೇನೆ. ಕೂಲಿ ಕೆಲಸ ಮಾಡುವ ಮನುಷ್ಯ. ತಾನು ಓದಲಾಗಲಿಲ್ಲ, ಬೇರೆಯವರು ಓದಲಿ ಅಂತ ರಾಜೀವನಗರದಲ್ಲಿ ಶೆಡ್ ಹಾಕಿ ಸುಮಾರು 11,000 ಪುಸ್ತಕ ಕೂಡಿಸಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಸುಟ್ಟು ಬೂದಿಯಾಯಿತು. ನಾಡು ಮರುಗಿತು, ಎಲ್ಲೆಲ್ಲಿಂದಲೋ ನೆರವು ಹರಿದು ಬಂತು. ಓದುವವರೇ ಇಲ್ಲದಿದ್ದರೆ ಯಾರು ಮರುಗುತ್ತಿದ್ದರು?

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳೋದಿಲ್ಲ. 2020ರ ನವೆಂಬರ್‌ನಲ್ಲಿ, ಕೊರೋನಾದಿಂದ ಶಾಲೆ ಮುಚ್ಚಿದ್ದಾಗ, ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಲಕ್ಷಾಂತರ ಮಕ್ಕಳು ಹೆಸರು ಬರೆಸಿದರು. ಬಾಗಿಲು ತೆರೆದರೆ ಜನ ಬರ್ತಾರೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಆದರೆ ತಕರಾರು ಇರೋದು ಇಲ್ಲಿ. ಕರ ವಸೂಲಿ ಮಾಡೋದು ಸ್ಥಳೀಯ ಸಂಸ್ಥೆ, ಖರ್ಚು ಮಾಡಬೇಕಾದ್ದು ಗ್ರಂಥಾಲಯ ಪ್ರಾಧಿಕಾರ. ನಡುವೆ ದುಡ್ಡು ಬಾಕಿ ಉಳಿದ ಸುದ್ದಿಯನ್ನು ಇದೇ ಕುರ್ಚಿಯಲ್ಲಿ ಕೂತು ನಾನೇ ಓದಿದ್ದೇನೆ. ಓದಿ, ಮುಂದಿನ ಸುದ್ದಿಗೆ ಹೋಗಿದ್ದೇನೆ. ಅದು ನನ್ನ ತಪ್ಪೂ ಹೌದು. ರಸ್ತೆ ಗುಂಡಿಗೆ ನಾವು ಗಂಟೆಗಟ್ಟಲೆ ಕೂಗಾಡ್ತೇವೆ. ಹೊಸ ಪುಸ್ತಕ ಬಾರದ ಕಪಾಟಿಗೆ ಯಾರೂ ಕೂಗೋದಿಲ್ಲ. ಲೈಬ್ರರಿಯಲ್ಲಿ ಸದ್ದು ಮಾಡಬಾರದು ಅಂತ ಬೋರ್ಡಿದೆ, ನಿಜ. ಲೈಬ್ರರಿಗಾಗಿ ಸದ್ದು ಮಾಡಬಾರದು ಅಂತ ಎಲ್ಲೂ ಬರೆದಿಲ್ಲ.

ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ ರಸೀದಿ ತೋರಿಸಿ ಕೇಳಿ: ಈ ಶೇ. 6 ಎಲ್ಲಿಗೆ ಹೋಯ್ತು? ಕೇಳುವ ಮೊದಲು ಒಂದು ಸಂಜೆ ಟಿ.ವಿ. ಆರಿಸಿ, ನಮ್ಮ ಚಾನೆಲ್ಲನ್ನೂ ಆರಿಸಿ, ಮಗುವಿನ ಕೈ ಹಿಡಿದು ಅಲ್ಲಿಗೆ ಹೋಗಿ ಬನ್ನಿ.