ನಿರುದ್ಯೋಗ ಭತ್ಯೆ: ದಿನಾಂಕವುಳ್ಳ ಸ್ವೀಕೃತಿಯೇ ಆಧಾರ

(ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಬೀದರ್ ನಗರದಲ್ಲಿ 2024-25ನೇ ಸಾಲಿನಲ್ಲಿ ನಡೆದ ತರಬೇತಿಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ನಮ್ಮ ತಾಲ್ಲೂಕುಗಳಿಂದ ಹೈದರಾಬಾದ್, ಪುಣೆ, ಮುಂಬೈಗಳಿಗೆ ದುಡಿಯಲು ಹೋದವರು ಕೆಲಸ ಕಳೆದುಕೊಂಡಾಗ ಮರಳುವುದು ಊರಿಗೇ. "ಕೆಲಸ ಹೋಯಿತು, ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?" ಎಂದು ಅವರು ಮೊದಲು ಕೇಳುವುದು ತಮ್ಮನ್ನು. ಅದಕ್ಕೆ ನೀಡಬೇಕಾದ ಉತ್ತರವೇ ಇಂದಿನ ವಿಷಯ.

ಅವರ ಸಂಬಳದಲ್ಲಿ ಇ.ಎಸ್.ಐ. ವಂತಿಗೆ ಕಡಿತವಾಗುತ್ತಿತ್ತೇ ಎಂಬುದನ್ನು ಮೊದಲು ವಿಚಾರಿಸಬೇಕು. ಪುಣೆಯ ಕಾರ್ಖಾನೆಯಾಗಲಿ, ನಮ್ಮ ಕೊಳಾರ ಕೈಗಾರಿಕಾ ಪ್ರದೇಶದ ಘಟಕವಾಗಲಿ, ನಿಯಮ ಒಂದೇ. ವಂತಿಗೆ ಪಾವತಿಯ ಷರತ್ತುಗಳನ್ನು ಪೂರೈಸಿದವರಿಗೆ, 2018ರ ಜುಲೈ 1ರಿಂದ ಜಾರಿಗೆ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ ಸರಾಸರಿ ದಿನಗಳಿಕೆಯ ಶೇ. 50ರಷ್ಟು ಪರಿಹಾರ ಗರಿಷ್ಠ 90 ದಿನಗಳವರೆಗೆ ದೊರೆಯುತ್ತದೆ. ಅಂಥವರನ್ನು ಇ.ಎಸ್.ಐ. ನಿಗಮದ ಶಾಖಾ ಕಚೇರಿಗೆ ಕಳುಹಿಸತಕ್ಕದ್ದು. ಯುವನಿಧಿಯು ಪದವಿ ಅಥವಾ ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಉದ್ಯೋಗ ದೊರೆಯದವರಿಗೆ ಇರುವ ಯೋಜನೆ. ಇದ್ದ ಕೆಲಸ ಕಳೆದುಕೊಂಡವರಿಗೆ ಅದು ಅನ್ವಯಿಸುವುದಿಲ್ಲ.

ಆದರೆ ಗಾರೆ ಕೆಲಸ, ಹೋಟೆಲ್ ಕೆಲಸ ಮಾಡಿದ ಬಹುತೇಕರಿಗೆ ಇ.ಎಸ್.ಐ. ಇರುವುದಿಲ್ಲ. ಅವರಿಗೆ ಉಳಿಯುವುದು ಉದ್ಯೋಗ ಖಾತರಿ ಅಧಿನಿಯಮ, 2005. ಈ ಅಧಿನಿಯಮ 2006ರ ಫೆಬ್ರವರಿ 2ರಂದು ಮೊದಲ ಹಂತದಲ್ಲಿ ಜಾರಿಯಾದ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಇದರ 7ನೇ ಪ್ರಕರಣದಂತೆ, ಅರ್ಜಿ ಸಲ್ಲಿಸಿದ 15 ದಿನಗಳೊಳಗೆ ಕೆಲಸ ನೀಡದಿದ್ದರೆ ನಿರುದ್ಯೋಗ ಭತ್ಯೆ ನೀಡಬೇಕು. ಮುಂಗಡವಾಗಿ ಅರ್ಜಿ ಸಲ್ಲಿಸಿದ್ದರೆ, ಕೆಲಸ ಬೇಕೆಂದು ಕೋರಿದ ದಿನದಿಂದ ಈ ಅವಧಿಯನ್ನು ಎಣಿಸಬೇಕು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಆ ಆರ್ಥಿಕ ವರ್ಷದ ಉಳಿದ ಅವಧಿಯಲ್ಲಿ ಅರ್ಧಕ್ಕೆ ಕಡಿಮೆಯಾಗದಂತೆ ಭತ್ಯೆ ಇರತಕ್ಕದ್ದು. 2024-25ನೇ ಸಾಲಿನಲ್ಲಿ ದಿನಗೂಲಿ ರೂ. 349 ಇತ್ತು, ಅದರ ಕಾಲು ಭಾಗ ರೂ. 87.25, ಅರ್ಧ ರೂ. 174.50. ಜೂನ್ 1ರಂದು ಅರ್ಜಿ ನೀಡಿದವರಿಗೆ ಜೂನ್ 16ರೊಳಗೆ ಕೆಲಸ ದೊರೆಯದಿದ್ದರೆ ಮರುದಿನದಿಂದ ಭತ್ಯೆಯ ಹಕ್ಕು ಹುಟ್ಟುತ್ತದೆ. ಕುಟುಂಬಕ್ಕೆ ವರ್ಷದ 100 ದಿನಗಳ ಕೆಲಸ ಪೂರ್ಣಗೊಂಡರೆ ಈ ಹಕ್ಕು ಮುಗಿಯುತ್ತದೆ. ನೀಡಿದ ಕೆಲಸವನ್ನು ಒಪ್ಪದವರು ಮೂರು ತಿಂಗಳು ಭತ್ಯೆಗೆ ಅರ್ಹರಾಗುವುದಿಲ್ಲ.

ಈ ಎಣಿಕೆಯೆಲ್ಲವೂ ಒಂದು ದಿನಾಂಕದ ಮೇಲೆ ನಿಂತಿದೆ. ಇಲ್ಲಿ ನನ್ನದೇ ತಪ್ಪೊಂದನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕು. ಇಂಜಿನಿಯರಿಂಗ್ ಓದಿ ಈ ಹುದ್ದೆಗೆ ಬಂದ ಮೊದಲ ವರ್ಷ, ಹೈದರಾಬಾದಿನಿಂದ ಮರಳಿದ್ದ ದಂಪತಿ ಕೆಲಸ ಕೇಳಿಕೊಂಡು ಕಚೇರಿಗೆ ಬಂದರು. "ಕ್ರಿಯಾ ಯೋಜನೆಗೆ ಮಂಜೂರಾತಿ ಬರಲಿ, ತಿಳಿಸುತ್ತೇನೆ" ಎಂದು ಹೇಳಿ ಕಳುಹಿಸಿದೆ. ಅರ್ಜಿ ಬರೆಸಿಕೊಳ್ಳಲಿಲ್ಲ, ಸ್ವೀಕೃತಿ ಕೊಡಲಿಲ್ಲ. ತಿಂಗಳು ಕಳೆದ ಮೇಲೆ ವಿಚಾರಿಸಿದಾಗ, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಅವರು ಮತ್ತೆ ಹೊರಟುಹೋಗಿದ್ದರು. ನಮ್ಮ ದಾಖಲೆಗಳ ಪ್ರಕಾರ ಅಂದು ಯಾರೂ ಕೆಲಸವನ್ನೇ ಕೇಳಿರಲಿಲ್ಲ. ಕೊಡಬೇಕಾದುದನ್ನು ಕೊಡದಿದ್ದರೂ ನನ್ನ ಕಡತ ಅಚ್ಚುಕಟ್ಟಾಗಿಯೇ ಇತ್ತು.

ಸ್ವೀಕೃತಿ ಕೊಟ್ಟರೆ ಪಂಚಾಯತಿಗೆ ಹೊರೆಯಾಗುವುದೆಂಬ ಅಂಜಿಕೆ ಕೆಲವರಲ್ಲಿದೆ. ಭತ್ಯೆಯ ವೆಚ್ಚವನ್ನು ಭರಿಸುವುದು ರಾಜ್ಯ ಸರ್ಕಾರ. ಗ್ರಾಮ ಪಂಚಾಯತಿಯ ಸ್ವಂತ ನಿಧಿಯಲ್ಲ. ಅಲ್ಲದೆ ಜನರು ಬಯಸುವುದು ಪೂರ್ಣ ಕೂಲಿಯ ಕೆಲಸವನ್ನು. ಬದು, ಕೃಷಿ ಹೊಂಡ, ಕೆರೆ ಹೂಳೆತ್ತುವ ಕಾಮಗಾರಿಗಳು ಮಂಜೂರಾಗಿ ಸಿದ್ಧವಿದ್ದರೆ ಭತ್ಯೆಯ ಪ್ರಶ್ನೆಯೇ ಏಳುವುದಿಲ್ಲ.

ಆದುದರಿಂದ ತಮ್ಮಲ್ಲಿ ಮೂರು ವಿನಂತಿಗಳು. ಮರಳಿ ಬಂದ ಕುಟುಂಬಕ್ಕೆ ಉದ್ಯೋಗ ಚೀಟಿ ಇದೆಯೇ ನೋಡಿರಿ, ಇಲ್ಲದಿದ್ದರೆ ಮಾಡಿಸಿಕೊಡಿರಿ. ಬಾಯಿಮಾತಿನ ಬೇಡಿಕೆಯನ್ನು ಗ್ರಾಮ ಕಾಯಕ ಮಿತ್ರರ ನೆರವಿನಿಂದ ನಮೂನೆ 6ರಲ್ಲಿ ಬರೆಸಿರಿ. ದಿನಾಂಕವುಳ್ಳ ಸ್ವೀಕೃತಿ ಕೈಗೆ ಬರುವವರೆಗೆ ಅರ್ಜಿದಾರರೊಡನೆ ಕಚೇರಿಯಲ್ಲೇ ಇರಿ. ಅಧಿಕಾರಿಯು ನಾಳೆ ಬನ್ನಿ ಎಂದರೆ, ಆ ಅಧಿಕಾರಿ ನಾನೇ ಆಗಿದ್ದರೂ, ಎದ್ದು ಹೋಗಬೇಡಿರಿ.

ಕಾಯಕಕ್ಕೆ ಹೆಸರಾದ ಈ ನೆಲದಲ್ಲಿ ಕೆಲಸ ಕೇಳಿ ಬಂದವರು ಬರಿಗೈಯಲ್ಲಿ ಹಿಂದಿರುಗಬಾರದು.