ಕಣ್ಣು ನಿಮ್ಮದು, ಬಾಯಿ ಇಲ್ಲ: ‘ಹಾಫ್-ಲೈಫ್ 2’ ಕುರಿತು



ಕಾದಂಬರಿ, ನಾಟಕಗಳ ಬಗ್ಗೆ ಮಾತಾಡಿದ ವೇದಿಕೆಯಲ್ಲಿ ಇವತ್ತು ಒಂದು ಕಂಪ್ಯೂಟರ್ ಗೇಮಿನ ಸರದಿ. ಅದೂ ಬಂದೂಕು ಹಿಡಿದು ಆಡುವ ಗೇಮು. ಒಂದಿಬ್ಬರು ಹುಬ್ಬೇರಿಸಿದ್ದು ಇಲ್ಲಿಂದಲೇ ಕಾಣುತ್ತಿದೆ, ಇರಲಿ. ನಾನು ಆರಿಸಿಕೊಂಡಿರುವುದು ಅಮೆರಿಕದ ವಾಲ್ವ್ ಕಂಪನಿ 2004ರ ನವೆಂಬರ್‌ನಲ್ಲಿ ಹೊರತಂದ ‘ಹಾಫ್-ಲೈಫ್ 2’. ಇದರ ಮೊದಲ ಭಾಗ ಬಂದದ್ದು 1998ರಲ್ಲಿ. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಅಂತ ದುಡ್ಡು ತೆತ್ತು ‘ಕೌಂಟರ್-ಸ್ಟ್ರೈಕ್’ ಆಡಿದವರು ಈ ಸಭೆಯಲ್ಲಿ ಇದ್ದೇ ಇರುತ್ತಾರೆ. ಆ ಆಟ ಹುಟ್ಟಿದ್ದು ಈ ಮೊದಲ ಭಾಗದ ಮೇಲೆ ಹವ್ಯಾಸಿಗಳು ಮಾಡಿಕೊಂಡ ಮಾರ್ಪಾಡಾಗಿ.

ಕಥೆ ಚಿಕ್ಕದು. ಕಂಬೈನ್ ಎಂಬ ಅನ್ಯಲೋಕದ ಸಾಮ್ರಾಜ್ಯ ಏಳೇ ಗಂಟೆಯ ಯುದ್ಧದಲ್ಲಿ ಭೂಮಿಯನ್ನು ಗೆದ್ದುಕೊಂಡಿದೆ. ಪೂರ್ವ ಯುರೋಪಿನ ಯಾವುದೋ ನಗರದಂತಿರುವ ‘ಸಿಟಿ 17’ಕ್ಕೆ ಗಾರ್ಡನ್ ಫ್ರೀಮನ್ ಎಂಬ ಭೌತವಿಜ್ಞಾನಿ ರೈಲಿನಲ್ಲಿ ಬಂದಿಳಿಯುತ್ತಾನೆ. ಆ ಫ್ರೀಮನ್ ನೀವೇ. ಸಿಪ್ಪೆ ಎದ್ದ ಗೋಡೆಗಳ ಆ ಹಳೇ ನಗರವನ್ನೂ ಅದರ ಎದೆಯ ಮೇಲೆ ಎದ್ದ ಉಕ್ಕಿನ ಗೋಪುರವನ್ನೂ ರೂಪಿಸಿದ ಕಲಾ ನಿರ್ದೇಶಕ ವಿಕ್ಟರ್ ಆಂಟೊನೊವ್ ಹುಟ್ಟಿದ್ದು ಬಲ್ಗೇರಿಯಾದ ಸೋಫಿಯಾದಲ್ಲಿ. ಆ ಊರು ನಂಬುವಂತಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಎಣಿಕೆ.

ಈ ಆಟ ಕಟ್ಟಿದವರು ಒಂದು ಪಣ ತೊಟ್ಟಂತಿದೆ. ಬೇರೆ ಆಟಗಳಲ್ಲಿ ನಡುನಡುವೆ ನಿಮ್ಮ ಕೈ ಕಟ್ಟಿ ಸಿನಿಮಾ ತುಣುಕು ತೋರಿಸುತ್ತಾರೆ. ಇಲ್ಲಿ ಅದಿಲ್ಲ, ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಕಾಣುವುದು ಫ್ರೀಮನ್ನನ ಕಣ್ಣಿನಿಂದಲೇ. ಅವನು ತುಟಿ ಪಿಟಕ್ಕೆನ್ನುವುದಿಲ್ಲ. ಆಟದ ಹೆಚ್ಚಿನ ಗುಣದೋಷಗಳು ಈ ಒಂದೇ ಪಣದಿಂದ ಹುಟ್ಟಿವೆ ಎಂಬುದು ನನ್ನ ವಾದ.

ರೈಲ್ವೆ ನಿಲ್ದಾಣವನ್ನೇ ನೋಡಿ. ಮುಖವಾಡದ ಪೊಲೀಸನೊಬ್ಬ ಲಾಠಿಯಿಂದ ಒಂದು ಖಾಲಿ ಡಬ್ಬಿಯನ್ನು ನೆಲಕ್ಕೆ ಬೀಳಿಸುತ್ತಾನೆ. ಎತ್ತು, ಕಸದ ಬುಟ್ಟಿಗೆ ಹಾಕು ಅಂತ ಅಪ್ಪಣೆ ಮಾಡುತ್ತಾನೆ. ಹಾಕಿದರೆ ನಕ್ಕು ದಾರಿ ಬಿಡುತ್ತಾನೆ, ಅವನ ಮುಖಕ್ಕೇ ಎಸೆದರೆ ಅಟ್ಟಿಸಿಕೊಂಡು ಬಂದು ಬಡಿಯುತ್ತಾನೆ. ಮೇಲ್ನೋಟಕ್ಕೆ, ಇಂತಿಂಥ ಗುಂಡಿ ಒತ್ತಿದರೆ ಸಾಮಾನು ಎತ್ತಬಹುದು, ಎಸೆಯಬಹುದು ಎಂಬ ಪಾಠ ಅದು. ಒಳಗೊಳಗೆ ಸರ್ವಾಧಿಕಾರ ಅಂದರೇನು ಎಂಬುದು ಅರ್ಧ ನಿಮಿಷದಲ್ಲಿ ಕೈಗೆ ತಟ್ಟುತ್ತದೆ. ಯಾರೂ ಭಾಷಣ ಮಾಡಲಿಲ್ಲ. ನೀವು ಬಗ್ಗಿದಿರಿ, ಇಲ್ಲವೆ ಏಟು ತಿಂದಿರಿ.

ಇಂಥ ಜಾಗಗಳು ಬೇಕಾದಷ್ಟಿವೆ. ಊರಲ್ಲಿ ಮಕ್ಕಳು ಆಡುವ ಬಯಲಿದೆ, ಮಕ್ಕಳೇ ಇಲ್ಲ. ಮನುಷ್ಯರಿಗೆ ಸಂತಾನವಾಗದಂತೆ ಆಳುವವರು ತಡೆ ಹಾಕಿದ್ದಾರೆ. ಮುಂದೆ ಕರಾವಳಿಯ ರಸ್ತೆಗೆ ಬಂದರೆ ದೋಣಿಗಳು ಒಣ ಮರಳಲ್ಲಿ ಕುಳಿತಿವೆ, ಸಮುದ್ರ ಎಷ್ಟೋ ಕೆಳಗೆ ಇಳಿದುಹೋಗಿದೆ. ಯಾಕೆ ಅಂತ ಯಾರೂ ನಿಲ್ಲಿಸಿ ಹೇಳುವುದಿಲ್ಲ. ಗಾಡಿ ಓಡಿಸುತ್ತ ಓಡಿಸುತ್ತ ತಾನಾಗಿ ಹೊಳೆಯಬೇಕು.

ಆಮೇಲೆ ಆ ಪ್ರಸಿದ್ಧ ಗ್ರಾವಿಟಿ ಗನ್. ವಸ್ತುಗಳನ್ನು ಸೆಳೆದು ಹಿಡಿದು ಉಡಾಯಿಸುವ ಯಂತ್ರ. ವಸ್ತುಗಳಿಗೆ ತೂಕ, ಬೀಳು, ಉರುಳು ಕೊಟ್ಟದ್ದು ಐರ್ಲೆಂಡ್ ಮೂಲದ ಹ್ಯಾವೊಕ್ ತಂತ್ರಾಂಶ. ಇದನ್ನು ಕೈಗೆ ಕೊಡುವ ಕ್ರಮವೇ ಚೆಂದ: ಮೊದಲು ‘ಡಾಗ್’ ಎಂಬ ರೋಬೋ ಜೊತೆ ಚೆಂಡಾಟ, ಅದರ ಬೆನ್ನಿಗೇ ಪಿಶಾಚಿಗಳಂಥ ಜೀವಿಗಳು ತುಂಬಿದ ರೇವನ್‌ಹೋಮ್ ಎಂಬ ಹಾಳೂರು. ಅಲ್ಲಿ ಗುಂಡು ಕಡಿಮೆ, ಗರಗಸದ ಚಕ್ರಗಳು ಬೇಕಾದಷ್ಟು. ಆಟವಾಡುತ್ತ ಕಲಿತದ್ದು ಕ್ಷಣದಲ್ಲಿ ಜೀವ ಉಳಿಸುವ ವಿದ್ಯೆಯಾಗುತ್ತದೆ.

ಇನ್ನು ದೋಷ. ನಾಯಕನ ಕಣ್ಣನ್ನು ಕಸಿದುಕೊಳ್ಳುವುದಿಲ್ಲ ಎಂದಮೇಲೆ ಕಥೆ ಹೇಳುವುದು ಹೇಗೆ? ಕೋಣೆಯಲ್ಲಿ ಕೂಡಿಹಾಕಿ! ಪ್ರೊಫೆಸರ್ ಕ್ಲೈನರ್ ಪ್ರಯೋಗಶಾಲೆಯಲ್ಲಿ ಪಾತ್ರಗಳ ಮಾತು ಮುಗಿಯುವವರೆಗೆ ಮುಂದಿನ ದಾರಿ ತೆರೆಯದು. ನೀವೋ ಮೇಜಿನ ಮೇಲೆ ಹತ್ತಿ ಕುಣಿಯುತ್ತಿರುತ್ತೀರಿ, ಅವರು ಗಂಭೀರವಾಗಿ ಮಾತಾಡುತ್ತಲೇ ಇರುತ್ತಾರೆ. ಮೊದಲ ಸಲ ಸರಿ, ಎರಡನೇ ಸಲ ಆಕಳಿಕೆ.

ಮೌನವೂ ಅಷ್ಟೆ. ಎಂಐಟಿಯಲ್ಲಿ ಪಿಎಚ್‌ಡಿ ಮಾಡಿದವನು ಆಟದುದ್ದಕ್ಕೂ ಮಾಡುವ ವಿಜ್ಞಾನ ಸ್ವಿಚ್ ಒತ್ತುವುದು. ಬಾರ್ನಿ ಎಂಬ ಗೆಳೆಯ ಇದನ್ನೇ ಹಿಡಿದು ಚುಡಾಯಿಸುತ್ತಾನೆ, ಅಂದರೆ ಬರೆದವರಿಗೂ ಇದು ಗೊತ್ತಿತ್ತು. ಕಂಡಕಂಡವರೆಲ್ಲ ಫ್ರೀಮನ್ನನನ್ನು ಉದ್ಧಾರಕ ಎಂದು ಹೊಗಳುತ್ತಾರೆ, ಅವನು ಒಪ್ಪಿದನೋ ನಾಚಿದನೋ ತಿಳಿಯದು. ಆಲಿಕ್ಸ್ ವ್ಯಾನ್ಸ್ ಎಂಬ ಹುಡುಗಿಯ ಪಾತ್ರ ಚೆನ್ನಾಗಿ ಮೂಡಿದೆ, ಆದರೆ ಅವಳು ಮಾತಾಡುವುದು ಗೋಡೆಯ ಜೊತೆ. ಚಿಕ್ಕಪುಟ್ಟ ತಕರಾರುಗಳೂ ಇವೆ. ದೋಣಿ ಓಡಿಸುವ ಅಧ್ಯಾಯ ಎಳೆದಾಡಿದೆ. ಸಬ್‌ಮಷಿನ್ ಗನ್ನಿಗೆ ಕಸುವಿಲ್ಲ. ಕೊನೆಯ ಬೀದಿ ಕಾಳಗದಲ್ಲಿ ನಮ್ಮವರೇ ಬಾಗಿಲಿಗೆ ಅಡ್ಡ ನಿಂತು ನಮ್ಮ ಪ್ರಾಣ ತೆಗೆಯುತ್ತಾರೆ.

ಎಲ್ಲಕ್ಕಿಂತ ದೊಡ್ಡ ದೋಷ ಕೊನೆ. ಸ್ಫೋಟದ ನಡುವೆ ಕಾಲವನ್ನೇ ನಿಲ್ಲಿಸಿ, ಸೂಟು ತೊಟ್ಟ ನಿಗೂಢ ಜಿ-ಮ್ಯಾನ್ ಬಂದು ಫ್ರೀಮನ್ನನನ್ನು ಎತ್ತಿಕೊಂಡು ಹೋಗುತ್ತಾನೆ. 2006ರಲ್ಲೊಂದು, 2007ರಲ್ಲೊಂದು ಮುಂದುವರಿದ ಕಂತು ಬಂತು. ಎರಡನೆಯದು ಒಂದು ಸಾವಿನಲ್ಲಿ ಕಡಿದುಹೋಯಿತು. ಮೂರನೆಯದು ಬರಲೇ ಇಲ್ಲ. ಕಂಪನಿ ಬಿಟ್ಟಿದ್ದ ಕಥೆಗಾರ ಮಾರ್ಕ್ ಲೇಡ್ಲಾ 2017ರಲ್ಲಿ, ಹೆಸರುಗಳನ್ನು ಬದಲಾಯಿಸಿ, ಒಂದು ಪತ್ರದ ರೂಪದಲ್ಲಿ ಮುಂದಿನ ಕಥೆಯನ್ನು ಹೊರಹಾಕಿದರು. ಓದುಗರನ್ನು ಹೀಗೆ ನಡುಬೀದಿಯಲ್ಲಿ ಬಿಟ್ಟ ಧಾರಾವಾಹಿ ಲೇಖಕನನ್ನು ನಮ್ಮ ವಾರಪತ್ರಿಕೆಗಳು ಸುಮ್ಮನೆ ಬಿಡುತ್ತಿದ್ದವೆ?

ಆದರೂ ಆಡಿ ಎನ್ನುತ್ತೇನೆ. ಇವತ್ತಿನ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. 2024ರಲ್ಲಿ ಇಪ್ಪತ್ತು ವರ್ಷ ತುಂಬಿದಾಗ ಆ ಎರಡು ಕಂತುಗಳನ್ನೂ ಮೂಲ ಆಟದೊಳಗೇ ಸೇರಿಸಿದ್ದಾರೆ. ದೋಣಿಯ ಅಧ್ಯಾಯದಲ್ಲಿ ಬೇಸರ ಬಂದರೂ ಕೈಬಿಡಬೇಡಿ, ರೇವನ್‌ಹೋಮ್ ಇರುವುದು ಅದಾದ ಮೇಲೆ.